ದಿಕ್ಕಿಲ್ಲದವರ ವಿಶೇಷಣ



ಇಂಗ್ಲಿಷಿನಲ್ಲಿ ‘ಜ್ಯಾಕ್ ಕಟ್ಟಿದ ಮನೆ’ ಎಂಬ ಶಿಶುಗೀತೆಯೊಂದಿದೆ. 18ನೇ ಶತಮಾನದಲ್ಲೇ ಅಚ್ಚಾದ ಹಾಡು. ಇವತ್ತು ನಮ್ಮೂರುಗಳ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲೂ ಮಕ್ಕಳು ಹೇಳುತ್ತಾರೆ. ಒಂದು ಸಾಲಿಗೆ ಇನ್ನೊಂದು ಸಾಲು ಸೇರುತ್ತ ಉದ್ದವಾಗುವ ಹಾಡು ಅದು. ಮನೆಯಲ್ಲಿ ಧಾನ್ಯ, ಧಾನ್ಯ ತಿಂದ ಇಲಿ, ಇಲಿಯನ್ನು ಕೊಂದ ಬೆಕ್ಕು, ಬೆಕ್ಕನ್ನು ಕಾಡಿದ ನಾಯಿ, ನಾಯಿಯನ್ನು ಎತ್ತಿ ಒಗೆದ ಸೊಟ್ಟ ಕೊಂಬಿನ ಹಸು. ಆ ಹಸುವಿನ ಹಾಲು ಕರೆಯಲು ಒಬ್ಬ ಹುಡುಗಿ ಬರುತ್ತಾಳೆ. ಅವಳ ಹೆಸರು ಹಾಡಿನಲ್ಲಿಲ್ಲ, ಊರಿಲ್ಲ, ತಂದೆತಾಯಿಯ ಸುದ್ದಿಯಿಲ್ಲ. ಇರುವುದು ಒಂದೇ ವಿಶೇಷಣ: ಫರ್ಲಾರ್ನ್.

ಮಕ್ಕಳು ಅರ್ಥ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ದುಃಖದಲ್ಲಿರುವವಳು’ ಅಂತ. ನಿಘಂಟು ತೆರೆದರೆ ಇನ್ನೂ ಗೊಂದಲ. ಅನಾಥ, ಹತಾಶ, ದೀನ, ಪಾಳುಬಿದ್ದ, ಫಲಿಸದ, ಎಲ್ಲವೂ ಒಂದೇ ಪದದ ಕೆಳಗೆ ಸಾಲಾಗಿ ನಿಂತಿರುತ್ತವೆ. ಹುಡುಗಿಗೂ, ಊರಿಗೂ, ಪ್ರಯತ್ನಕ್ಕೂ ಒಂದೇ ಪದ ಹೇಗೆ ಹೊಂದುತ್ತದೆ? ಇವತ್ತಿನ ಮಾತು ಇಷ್ಟರ ಬಗ್ಗೆ.

ಮೊದಲು ಉಚ್ಚಾರಣೆ. ಒತ್ತು ಬೀಳುವುದು ಎರಡನೆಯ ಭಾಗದ ಮೇಲೆ, ‘ಲಾರ್ನ್’ ಮೇಲೆ. ಮೊದಲ ಭಾಗವನ್ನು ಹಗುರವಾಗಿ ಹೇಳಿ ಮುಂದೆ ಹೋಗಬೇಕು. ಆ ‘ಫರ್’ ಎನ್ನುವುದು ‘ಗಾಗಿ’ ಎಂಬ ಅರ್ಥದ ‘ಫಾರ್’ ಅಲ್ಲ. ಅದು ಹಳೆಯ ಇಂಗ್ಲಿಷಿನ ಉಪಸರ್ಗ. ಫರ್ಗೆಟ್, ಫರ್ಗಿವ್, ಫರ್ಸೇಕ್ ಎಂಬ ಪದಗಳಲ್ಲೂ ಅದೇ ಇದೆ. ಫರ್ಲಾರ್ನ್‌ನಲ್ಲಿ ಅದು ‘ಪೂರ್ತಿಯಾಗಿ’ ಎಂಬ ಬಲ ಕೊಡುತ್ತದೆ. ಹಾಗಾದರೆ ‘ಲಾರ್ನ್’ ಏನು? ನಮಗೆಲ್ಲ ಗೊತ್ತಿರುವ ‘ಲೂಸ್’, ಅಂದರೆ ಕಳೆದುಕೊಳ್ಳು, ಎಂಬ ಕ್ರಿಯಾಪದದ ಹಳೆಯ ಭೂತಕೃದಂತ. ಇವತ್ತು ‘ಲಾಸ್ಟ್’ ಎನ್ನುವ ಕಡೆ ಒಂದು ಕಾಲದಲ್ಲಿ ‘ಲಾರ್ನ್’ ಇತ್ತು. ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿ ಇಂದಿಗೂ ಕಳೆದುಹೋದದ್ದಕ್ಕೆ ‘ಫೆರ್ಲೋರೆನ್’ ಎಂದೇ ಹೇಳುತ್ತಾರೆ. ಅಲ್ಲಿ ಅದು ಕಳೆದ ಛತ್ರಿಗೂ ಸೋತ ಪಂದ್ಯಕ್ಕೂ ಬಳಸುವ ದಿನಬಳಕೆಯ ಪದ. ಇಂಗ್ಲಿಷಿನಲ್ಲಿ ಮಾತ್ರ ಅದಕ್ಕೆ ಕಣ್ಣೀರಿನ ಬಣ್ಣ ಬಂತು.

‘ಲೂಸ್’ನಲ್ಲಿರುವ ಸಕಾರ ‘ಲಾರ್ನ್’ನಲ್ಲಿ ರಕಾರ ಆದದ್ದು ಹೇಗೆ ಎಂದು ನೀವು ಕೇಳಬಹುದು. ಕಾರ್ಲ್ ವರ್ನರ್ ಎಂಬ ಡೆನ್ಮಾರ್ಕಿನ ಭಾಷಾವಿಜ್ಞಾನಿ 1870ರ ದಶಕದಲ್ಲಿ ಇದಕ್ಕೆ ನಿಯಮ ಕಂಡುಹಿಡಿದ. ಬಹಳ ಹಿಂದೆ ಪದದ ಒತ್ತು ಎಲ್ಲಿ ಬೀಳುತ್ತಿತ್ತು ಎಂಬುದರ ಮೇಲೆ ಈ ವ್ಯಂಜನಗಳು ಬದಲಾಗಿದ್ದವು. ಇದೇ ನಿಯಮದ ಗುರುತು ನಾವು ಪ್ರಾಥಮಿಕ ಶಾಲೆಯಲ್ಲಿ ಕಲಿಯುವ ‘ವಾಸ್’ ಮತ್ತು ‘ವರ್’ ಎಂಬ ಜೋಡಿಯಲ್ಲೂ ಉಳಿದಿದೆ. ಶಿಶುಗೀತೆಯನ್ನೇ ಇನ್ನೊಮ್ಮೆ ಗಮನಿಸಿ. ಹುಡುಗಿಯಾದ ಮೇಲೆ ಹರಿದ ಬಟ್ಟೆಯ ಒಬ್ಬ ಬಡವ ಬರುತ್ತಾನೆ, ಅವನಿಗೆ ‘ಟಾರ್ನ್’. ಆಮೇಲೆ ತಲೆ ಬೋಳಿಸಿಕೊಂಡ ಪಾದ್ರಿ ಬರುತ್ತಾನೆ, ಅವನಿಗೆ ‘ಶಾರ್ನ್’. ಹರಿ ಎಂಬ ಕ್ರಿಯೆಯಿಂದ ಟಾರ್ನ್, ಕತ್ತರಿಸು ಎಂಬುದರಿಂದ ಶಾರ್ನ್, ಕಳೆ ಎಂಬುದರಿಂದ ಲಾರ್ನ್. ಪ್ರಾಸಕ್ಕೆಂದು ಕೂಡಿಸಿದ ಈ ಮೂರೂ ಭೂತಕೃದಂತಗಳೇ. ಅಂದರೆ ಇವು ಹುಟ್ಟುಗುಣ ಹೇಳುವ ಪದಗಳಲ್ಲ, ಆಗಿಹೋದ ಒಂದು ಘಟನೆಯನ್ನು ಹೇಳುವ ಪದಗಳು. ಬಟ್ಟೆ ಹರಿಯಿತು, ಕೂದಲು ಹೋಯಿತು, ಹುಡುಗಿ ದಿಕ್ಕಿಲ್ಲದವಳಾದಳು. ಆದರೆ ಹಾಡು ಅವಳನ್ನು ಅಲ್ಲೇ ಬಿಡುವುದಿಲ್ಲ. ಹರಿದ ಬಟ್ಟೆಯವನು ಅವಳಿಗೆ ಮುತ್ತು ಕೊಡುತ್ತಾನೆ, ಪಾದ್ರಿ ಇಬ್ಬರಿಗೂ ಮದುವೆ ಮಾಡಿಸುತ್ತಾನೆ. ಫರ್ಲಾರ್ನ್ ಎಂದರೆ ಇನ್ನು ಮುಂದೆ ಏನೂ ಆಗಲಾರದು ಎಂಬ ಅರ್ಥ ಅದರ ಹುಟ್ಟಿನಲ್ಲಿ ಇರಲಿಲ್ಲ ಎನ್ನುವುದಕ್ಕೆ ಇದೊಂದು ಸಾಕ್ಷಿ.

ಪದದ ಅರ್ಥ ಸರಿದುಬಂದ ದಾರಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲಿಗೆ ಅದು ದಾರಿತಪ್ಪಿದ, ಧರ್ಮಗೆಟ್ಟ ಎಂಬರ್ಥದಲ್ಲಿತ್ತು. ಆಮೇಲೆ ತನ್ನವರು ಬಿಟ್ಟುಹೋದ ಎಂಬರ್ಥ ಬಂತು. ಬಿಟ್ಟುಹೋದವರ ಮುಖ ಹೇಗಿರುತ್ತದೋ ಆ ಕಳೆಗುಂದಿದ ನೋಟಕ್ಕೂ ಅದೇ ಪದ ಹತ್ತಿತು. ಕೊನೆಗೆ, ಗೆಲ್ಲುವ ಆಸೆಯಿಲ್ಲದ ಪ್ರಯತ್ನಕ್ಕೂ ಬಳಕೆಯಾಯಿತು. ಈ ಅರ್ಥಗಳನ್ನೆಲ್ಲ ಕಟ್ಟಿಹಿಡಿದಿರುವ ದಾರ ಒಂದೇ: ಯಾರೋ ಬಿಟ್ಟಿದ್ದಾರೆ, ಇದು ಉಳಿದಿದೆ.

ಇಂಗ್ಲಿಷಿನಲ್ಲಿ ನಿರಾಶೆಗೆ ಇನ್ನೂ ಹಲವು ವಿಶೇಷಣಗಳಿವೆ. ಹೋಪ್‌ಲೆಸ್ ಇದೆ, ಡೆಸ್ಪರೇಟ್ ಇದೆ, ಡೆಸ್ಪಾಂಡೆಂಟ್ ಇದೆ. ಇವನ್ನೆಲ್ಲ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. ವ್ಯತ್ಯಾಸ ತಿಳಿಯಲು ಬಹಳ ಮಂದಿ ಕಣ್ಣಾರೆ ಕಂಡ ಒಂದು ಸಂಜೆಯನ್ನು ನೆನಪಿಸುತ್ತೇನೆ. 1996ರ ಮಾರ್ಚ್ 13, ಕೋಲ್ಕತ್ತದ ಈಡನ್ ಗಾರ್ಡನ್ಸ್, ವಿಶ್ವಕಪ್ ಕ್ರಿಕೆಟ್ಟಿನ ಸೆಮಿಫೈನಲ್. ಶ್ರೀಲಂಕಾ 8 ವಿಕೆಟ್ಟಿಗೆ 251 ಹೊಡೆದಿತ್ತು. ಭಾರತ 1 ವಿಕೆಟ್ಟಿಗೆ 98ರಲ್ಲಿ ಆರಾಮವಾಗಿತ್ತು. ಆಗ 65 ಓಟ ಮಾಡಿದ್ದ ಸಚಿನ್ ತೆಂಡೂಲ್ಕರ್ ಸ್ಟಂಪ್ ಆದರು. ಚೆಂಡು ಸಿಕ್ಕಾಪಟ್ಟೆ ತಿರುಗತೊಡಗಿತ್ತು. ನೋಡುನೋಡುತ್ತಿದ್ದಂತೆ 8 ವಿಕೆಟ್ಟಿಗೆ 120.

ಈ ಸ್ಥಿತಿಗೆ ಇಂಗ್ಲಿಷಿನಲ್ಲಿ ಹೋಪ್‌ಲೆಸ್ ಎನ್ನಬೇಕು. ಎರಡು ವಿಕೆಟ್ ಕೈಯಲ್ಲಿಟ್ಟುಕೊಂಡು ಇನ್ನೂ 132 ಓಟ ಆಗಬೇಕು. ಲೆಕ್ಕ ನೋಡಿದರೆ ಗೆಲ್ಲುವ ದಾರಿಯಿಲ್ಲ. ಹೋಪ್‌ಲೆಸ್ ಲೆಕ್ಕದ ಮಾತು, ತೀರ್ಪಿನ ಮಾತು. ಅದಕ್ಕೆ ಮುಂಚೆ, ವಿಕೆಟ್ಟುಗಳು ಉರುಳುತ್ತಿದ್ದಾಗ, ನಮ್ಮ ವೇಗದ ಬೌಲರ್ ಜಾವಗಲ್ ಶ್ರೀನಾಥರನ್ನು ಅಜಯ್ ಜಡೇಜಾಗಿಂತ ಮೊದಲೇ ಬ್ಯಾಟ್ ಕೊಟ್ಟು ಕಳಿಸಿದರಲ್ಲ, ಅದು ಡೆಸ್ಪರೇಟ್ ಹೆಜ್ಜೆ. ಆಸೆ ಕೈಕೊಡುತ್ತಿದೆ ಎಂದು ಗೊತ್ತಾದಾಗ ಮನುಷ್ಯ ಏನಾದರೂ ಮಾಡಿಬಿಡುತ್ತಾನೆ. ಆ ಮಾಡಿಬಿಡುವುದರ ಪದ ಡೆಸ್ಪರೇಟ್. ಲ್ಯಾಟಿನ್ ಮೂಲದಲ್ಲಿ ಅದೂ ‘ಆಸೆ ಬಿಟ್ಟ’ ಎಂದೇ. ಆದರೆ ಬಳಕೆಯಲ್ಲಿ ಅದು ಕೈಕಾಲು ಆಡಿಸುತ್ತದೆ. ಪೊಲೀಸರ ಇಂಗ್ಲಿಷಿನಲ್ಲಿ ಯಾವುದಕ್ಕೂ ಹೇಸದ ಕಳ್ಳ ಡೆಸ್ಪರೇಟ್, ಸಂಜೆಯ ಕಾಫಿಗಾಗಿ ಒದ್ದಾಡುವವನೂ ಡೆಸ್ಪರೇಟ್. ಇನ್ನು ಆ ರಾತ್ರಿ ಟಿವಿ ಆರಿಸಿ, ಊಟ ಬೇಡವೆಂದು ಗೋಡೆಗೊರಗಿ ಕೂತವರೆಲ್ಲ ಡೆಸ್ಪಾಂಡೆಂಟ್. ಆ ಪದದ ಮೂಲದಲ್ಲಿ ಮಾತು ಕೊಡುವ, ಒಪ್ಪಿಸಿಬಿಡುವ ಅರ್ಥವಿದೆ. ಧೈರ್ಯವನ್ನು ಬೇರೆಯವರಿಗೆ ಒಪ್ಪಿಸಿ ಬರಿಗೈಲಿ ಕೂತವನು ಡೆಸ್ಪಾಂಡೆಂಟ್. ಗಂಡ ಅಥವಾ ಹೆಂಡತಿ ಎಂಬರ್ಥದ ‘ಸ್ಪೌಸ್’, ನಾವೀಗ ದಿನವೂ ಕೇಳುವ ‘ಸ್ಪಾನ್ಸರ್’, ಇವೂ ಅದೇ ಮಾತುಕೊಡುವ ಧಾತುವಿನಿಂದ ಬಂದವು.

ಫರ್ಲಾರ್ನ್ ಯಾರು? ಕೇಳುಗರಲ್ಲಿ ಅನೇಕರಿಗೆ ಆ ಚಿತ್ರ ಕಣ್ಣಮುಂದೆ ಬಂದಿರಬೇಕು. ಜನ ಬಾಟಲಿ ಎಸೆದರು, ಗ್ಯಾಲರಿಯಲ್ಲಿ ಬೆಂಕಿ ಹಚ್ಚಿದರು. ಮ್ಯಾಚ್ ರೆಫರಿ ಕ್ಲೈವ್ ಲಾಯ್ಡ್ ಪಂದ್ಯವನ್ನು ಶ್ರೀಲಂಕಾಕ್ಕೆ ಕೊಟ್ಟರು. ಕ್ರೀಸಿನಲ್ಲಿದ್ದವರು ಅನಿಲ್ ಕುಂಬ್ಳೆ ಮತ್ತು 10 ಓಟ ಮಾಡಿ ಔಟಾಗದೆ ಉಳಿದಿದ್ದ ವಿನೋದ್ ಕಾಂಬ್ಳಿ. ಕಣ್ಣೀರು ಒರೆಸಿಕೊಳ್ಳುತ್ತ ಕಾಂಬ್ಳಿ ಪೆವಿಲಿಯನ್ ಕಡೆ ನಡೆದು ಬಂದರು. ಇಂಗ್ಲಿಷ್ ಕ್ರೀಡಾ ಪುಟಗಳಲ್ಲಿ ‘ಫರ್ಲಾರ್ನ್ ಫಿಗರ್’ ಎಂಬ ಮಾತು ಆಗಾಗ ಕಾಣಿಸುತ್ತದೆ. ಅದು ಹೇಳಲು ಹೊರಡುವುದು ಇಂಥ ಆಕೃತಿಯನ್ನೇ. ಅವರು ಔಟಾಗಿರಲಿಲ್ಲ. ತಪ್ಪೂ ಅವರೊಬ್ಬರದಲ್ಲ. ಆಟವೇ ಅವರನ್ನು ನಡುವೆ ಬಿಟ್ಟು ಹೋಗಿತ್ತು. ಈ ಪದದಲ್ಲಿ ತೀರ್ಪಿಲ್ಲ, ಆರ್ಭಟವಿಲ್ಲ. ನೋಡುವವನ ಮರುಕ ಇದೆ.

ಮರುಕ ನೋಡುವವನದು ಎಂದದ್ದು ಏಕೆಂದರೆ, ಈ ಪದವನ್ನು ತನಗೆ ತಾನೇ ಹಚ್ಚಿಕೊಂಡರೆ ಅಷ್ಟಾಗಿ ಒಪ್ಪುವುದಿಲ್ಲ. ಇದು ಚಾರ್ಲ್ಸ್ ಡಿಕನ್ಸ್‌ಗೆ ಚೆನ್ನಾಗಿ ಗೊತ್ತಿತ್ತು. 1849-50ರಲ್ಲಿ ಕಂತುಕಂತಾಗಿ ಬಂದ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಮಿಸೆಸ್ ಗಮ್ಮಿಡ್ಜ್ ಎಂಬ ವಿಧವೆ ಬರುತ್ತಾಳೆ. ಯಾರ್ಮತ್ ಊರಿನ ಕಡಲತೀರದಲ್ಲಿ, ಹಳೆಯ ದೋಣಿಯನ್ನೇ ಮನೆ ಮಾಡಿಕೊಂಡ ಪೆಗಟಿಯ ಆಶ್ರಯದಲ್ಲಿ ಅವಳಿದ್ದಾಳೆ. ಚಳಿಯಾದರೆ ತನಗೇ ಹೆಚ್ಚು ಚಳಿ, ಒಲೆ ಹೊಗೆಯಾಡಿದರೆ ತನಗೇ ಹೆಚ್ಚು ಹೊಗೆ. ಮಾತು ಮಾತಿಗೂ ತಾನು ಒಂಟಿ, ತಾನು ‘ಲಾರ್ನ್’ ಎಂದು ಗೊಣಗುತ್ತಾಳೆ. ಓದುಗರಿಗೆ ನಗು ಬರುತ್ತದೆ. ಆದರೆ ಪೆಗಟಿ ಮಗಳಂತೆ ಸಾಕಿದ ಎಮಿಲಿ ಮನೆಬಿಟ್ಟು ಹೋದಾಗ, ನಿಜವಾದ ದುಃಖ ಆ ಮನೆಗೆ ಬಂದಾಗ, ಅದೇ ಗಮ್ಮಿಡ್ಜ್ ಗೊಣಗಾಟ ನಿಲ್ಲಿಸುತ್ತಾಳೆ. ಸೊಂಟ ಕಟ್ಟಿ ಕೆಲಸಕ್ಕೆ ನಿಲ್ಲುತ್ತಾಳೆ, ಪೆಗಟಿಗೆ ಆಸರೆಯಾಗುತ್ತಾಳೆ. ಇನ್ನೊಬ್ಬರ ನೋವನ್ನು ನೋಡಲು ಕಲಿತಕೂಡಲೇ ಅವಳ ಬಾಯಿಂದ ಆ ಪದ ಹೋಯಿತು. ನಿಘಂಟು ಹೇಳದ ಬಳಕೆಯ ಸೂಕ್ಷ್ಮವನ್ನು ಕಾದಂಬರಿಕಾರ ಒಂದು ಪಾತ್ರದಲ್ಲಿ ತೋರಿಸಿಬಿಟ್ಟ.

ಈಗ ಈ ಪದದ ಅತಿ ಪ್ರಸಿದ್ಧ ಜೋಡಿಗೆ ಬರೋಣ: ‘ಫರ್ಲಾರ್ನ್ ಹೋಪ್’. ಪತ್ರಿಕೆಗಳ ಇಂಗ್ಲಿಷಿನಲ್ಲಿ ಇದಕ್ಕೆ ‘ಈಡೇರುವ ಸಂಭವವೇ ಇಲ್ಲದ ಆಸೆ’ ಎಂದರ್ಥ. ಮಳೆ ಹೋದ ಮೇಲೆ ಕೆರೆ ತುಂಬೀತೆಂದು ಕಾಯುವುದು, ಕೊನೆಯ ದಿನಾಂಕ ಕಳೆದ ಮೇಲೆ ಅರ್ಜಿ ಹಾಕಿ ನೋಡುವುದು, ಇವೆಲ್ಲ ಫರ್ಲಾರ್ನ್ ಹೋಪ್. ಆದರೆ ಸ್ವಾರಸ್ಯ ಏನೆಂದರೆ ಇಲ್ಲಿಯ ‘ಹೋಪ್’ ಮೂಲದಲ್ಲಿ ಆಸೆಯೇ ಅಲ್ಲ. ಡಚ್ಚರು ಯುದ್ಧದಲ್ಲಿ ಎಲ್ಲರಿಗಿಂತ ಮುಂದೆ ನುಗ್ಗುವ ತುಕಡಿಯನ್ನು ‘ಫೆರ್ಲೋರೆನ್ ಹೋಪ್’ ಎನ್ನುತ್ತಿದ್ದರು. ಅವರ ‘ಹೋಪ್’ ಎಂದರೆ ಗುಂಪು, ರಾಶಿ. ಇಂಗ್ಲಿಷಿನ ‘ಹೀಪ್’ ಪದದ ದಾಯಾದಿ. ಕಳೆದುಹೋದ ಗುಂಪು, ಅಂದರೆ ಸತ್ತರೆಂದೇ ಲೆಕ್ಕಕ್ಕೆ ತೆಗೆದುಕೊಂಡ ಗುಂಪು. 16ನೇ ಶತಮಾನದಲ್ಲಿ ಇಂಗ್ಲಿಷ್ ಸಿಪಾಯಿಗಳ ಕಿವಿಗೆ ಅದು ತಮ್ಮ ಭಾಷೆಯ ‘ಹೋಪ್’ ಎಂದೇ ಕೇಳಿಸಿತು. ಗುಂಪು ಹೋಗಿ ಆಸೆ ಬಂತು. ಆಮೇಲೆ ಆ ಆಸೆಯೇ ಅರ್ಥದ ಯಜಮಾನನಾಯಿತು. ನಿರಾಶೆಯ ಅರ್ಥ ಈ ಪದಕ್ಕೆ ಬಲವಾಗಿ ಅಂಟಿಕೊಳ್ಳಲು ಈ ಕಿವಿಯ ತಪ್ಪೂ ಕಾರಣ.

ಈ ಸೈನಿಕ ಪದ ನಮ್ಮ ಮಣ್ಣಿನ ಮೇಲೂ ನಡೆದಿದೆ. ಕೋಟೆಯ ಗೋಡೆಯನ್ನು ಫಿರಂಗಿಯಿಂದ ಒಡೆದು ಕಂಡಿ ಮಾಡಿದ ಮೇಲೆ, ಆ ಕಂಡಿಗೆ ಮೊದಲು ನುಗ್ಗುವ ಸ್ವಯಂಸೇವಕರ ಗುಂಪಿಗೆ ಬ್ರಿಟಿಷ್ ಸೈನ್ಯದಲ್ಲಿ ಫರ್ಲಾರ್ನ್ ಹೋಪ್ ಎಂಬುದೇ ಅಧಿಕೃತವೆನ್ನುವಷ್ಟು ರೂಢಿಯ ಹೆಸರು. 1799ರ ಮೇ 4, ಶ್ರೀರಂಗಪಟ್ಟಣ. ಬೇಸಿಗೆಯ ಕಾವೇರಿ ಬಂಡೆಗಳ ನಡುವೆ ಇಳಿದಿತ್ತು. ಕೋಟೆಯ ವಾಯವ್ಯ ಮೂಲೆಯ ಬಳಿ ಗೋಡೆ ಒಡೆದಿತ್ತು. ದಾಳಿಯ ನಾಯಕ ಡೇವಿಡ್ ಬೇರ್ಡ್. ಹಿಂದೆ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕು ಇದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಉರಿಬಿಸಿಲಿನಲ್ಲಿ, ಎರಡು ದಂಡುಗಳು ಕಂದಕದಿಂದ ಎದ್ದವು. ಪ್ರತಿ ದಂಡಿನ ಮುಂದೆ ಒಬ್ಬ ಸಾರ್ಜೆಂಟ್ ಮತ್ತು 12 ಮಂದಿ ಸಿಪಾಯಿಗಳ ಫರ್ಲಾರ್ನ್ ಹೋಪ್. ಬಾಂಬೆ ಯೂರೋಪಿಯನ್ ರೆಜಿಮೆಂಟಿನ ಸಾರ್ಜೆಂಟ್ ಗ್ರಹಾಂ ಎಂಬವನು ಕಂಡಿಯ ಮೇಲೆ ಹತ್ತಿ ಬಾವುಟ ನೆಟ್ಟ. ಇಂಥ ದಾಳಿಯಲ್ಲಿ ಬದುಕುಳಿದರೆ ಬಡ್ತಿ ಸಿಗುತ್ತದೆಂಬ ಭರವಸೆ ಇರುತ್ತಿತ್ತು. ಆ ಸಂತೋಷದಲ್ಲಿ ಅವನು ತನ್ನನ್ನು ತಾನೇ ಲೆಫ್ಟಿನೆಂಟ್ ಎಂದು ಕೂಗಿಕೊಂಡನೆಂದೂ, ಅಷ್ಟರಲ್ಲೇ ಗುಂಡು ತಗುಲಿ ಬಿದ್ದನೆಂದೂ ಆ ಕಾಲದ ಕಥನಗಳು ಹೇಳುತ್ತವೆ.

ಸತ್ತವರೆಂದು ಮೊದಲೇ ಲೆಕ್ಕ ಹಾಕಿದ ಆ ಗುಂಪಿನ ಸೈನ್ಯ ಗೆದ್ದಿತು. ಕೋಟೆಯ ಒಳಗಿನ ಕಥೆ ಬೇರೆ. ಅಂದು ಮಧ್ಯಾಹ್ನವೇ ಟಿಪ್ಪುವಿನ ನೆಚ್ಚಿನ ಸೇನಾನಿ ಸಯ್ಯದ್ ಗಫಾರ್ ಫಿರಂಗಿಯ ಗುಂಡಿಗೆ ಬಲಿಯಾಗಿದ್ದ. ಸಂಜೆಯೊಳಗೆ ಟಿಪ್ಪು ಕೋಟೆಯ ಬಾಗಿಲೊಂದರ ಬಳಿ ಹೋರಾಡುತ್ತ ಸತ್ತ. ವಿಶೇಷಣ ಅಂಟಿಕೊಂಡಿದ್ದು ಹೊರಗಿನ ಗುಂಪಿಗೆ. ಆ ಸಂಜೆ ಅದಕ್ಕೆ ನಿಜವಾಗಿ ತಕ್ಕವರು ಒಳಗೆ ಉಳಿದ ಜನ. 1907ರಲ್ಲಿ ಮೈಸೂರು ಸರ್ಕಾರ ಆ ಕಂಡಿಯ ಹತ್ತಿರ ಒಂದು ಸ್ತಂಭ ನಿಲ್ಲಿಸಿತು. ಪ್ರವಾಸಿಗರು ಇವತ್ತೂ ಅದನ್ನು ನೋಡಬಹುದು. ಅದರ ಮೇಲಿರುವುದು ದಾಳಿ ಮಾಡಿದ ಸೈನ್ಯದ ನೆನಪು. ಪದ ಯಾರ ಬಾಯಲ್ಲಿದೆಯೋ ಮರುಕವೂ ಅವರ ಕಡೆಯವರಿಗೇ ಸಿಗುತ್ತದೆ ಎಂಬುದನ್ನು ಇತಿಹಾಸ ಓದುವವರು ಮರೆಯಬಾರದು.

ಮನುಷ್ಯರಿಂದ ಸ್ಥಳಗಳಿಗೆ ಬರೋಣ. ಮಿಲ್ಟನ್ 1667ರಲ್ಲಿ ಪ್ರಕಟವಾದ ತನ್ನ ಮಹಾಕಾವ್ಯದ ಮೊದಲ ಭಾಗದಲ್ಲಿ ನರಕದ ಬಯಲಿಗೆ ಈ ವಿಶೇಷಣ ಹಚ್ಚಿದ. ಕೀಟ್ಸ್ 1819ರಲ್ಲಿ ಬರೆದ ನೈಟಿಂಗೇಲ್ ಕವಿತೆಯಲ್ಲಿ ಒಂದು ಪದ್ಯವನ್ನು ಈ ಪದದಿಂದ ಮುಗಿಸುತ್ತಾನೆ, ಮುಂದಿನ ಪದ್ಯವನ್ನು ಇದೇ ಪದದಿಂದ ಶುರುಮಾಡುತ್ತಾನೆ. ಮೊದಲ ಸಲ ಅದು ದೂರದ ಮಾಯಾಲೋಕಗಳಿಗೆ ಹೇಳಿದ್ದು. ಎರಡನೆಯ ಸಲ ಅದರ ನಾದ ಕವಿಯ ಕಿವಿಗೇ ಬಿದ್ದು ಅವನ ಕನಸು ಒಡೆಯುತ್ತದೆ, ಹಕ್ಕಿಯಿಂದ ಬೇರೆಯಾಗಿ ತನ್ನ ಒಂಟಿತನಕ್ಕೆ ಮರಳುತ್ತಾನೆ. ಜಾಗಕ್ಕೆ ಅಂದ ಪದ ಮನುಷ್ಯನಿಗೆ ತಿರುಗಿಬೀಳುವ ಆ ಜಾಗ ಇಂಗ್ಲಿಷ್ ಪಾಠ ಮಾಡುವವರು ನಿಧಾನಿಸಬೇಕಾದ ಜಾಗ. ಗದ್ಯದಲ್ಲಿ ರೈಲು ನಿಲ್ಲದ ನಿಲ್ದಾಣ, ಮಕ್ಕಳು ಬರದೆ ಮುಚ್ಚಿದ ಶಾಲೆ, ಜನ ಗುಳೆ ಹೋದ ಊರು, ಇವು ಫರ್ಲಾರ್ನ್. ಆದರೆ ಹಿಂದೆಂದೂ ಜನ ವಾಸಿಸದ ಮರಳುಗಾಡು ಬರಡಾಗಿರಬಹುದು. ಬಿಟ್ಟುಹೋಗಲು ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಈ ಪದ ಅಲ್ಲಿ ಅಷ್ಟು ಚೆನ್ನಾಗಿ ಕೂರುವುದಿಲ್ಲ.

ಅನುವಾದ ಮಾಡುವವರಿಗೆ ಒಂದು ಮಾತು. ಎಲ್ಲ ಕಡೆಯೂ ‘ಹತಾಶ’ ಎಂದು ಬರೆದರೆ ಅರ್ಧ ಅರ್ಥ ಸೋರಿಹೋಗುತ್ತದೆ. ಮನುಷ್ಯರಿಗಾದರೆ ದಿಕ್ಕಿಲ್ಲದ, ದಿಕ್ಕುಗೆಟ್ಟ, ಸಂದರ್ಭ ನೋಡಿ ಅನಾಥ. ನಮ್ಮ ಹಳ್ಳಿಯವರು ‘ಪರದೇಶಿ’ ಎನ್ನುತ್ತಾರಲ್ಲ, ‘ಪಾಪ, ಕೂಸು ಪರದೇಶಿ ಆಯ್ತು’ ಅಂತ, ಅದು ಫರ್ಲಾರ್ನ್‌ಗೆ ತೀರ ಹತ್ತಿರದ ಮಾತು. ಊರಿಗೆ, ಮನೆಗೆ ಆದರೆ ಬಿಕೋ ಎನ್ನುವ, ಭಣಗುಟ್ಟುವ. ಪ್ರಯತ್ನಕ್ಕೆ ಆದರೆ ಕೈಗೂಡದ ಎಂದರೆ ಸಾಕು. ಇಂಗ್ಲಿಷಿನಲ್ಲಿ ಬರೆಯುವ ವಿದ್ಯಾರ್ಥಿಗಳಿಗೆ ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ಈ ಪದ ಬರೆಯುವ ಮೊದಲು ‘ಯಾರು ಬಿಟ್ಟರು?’ ಎಂದು ಕೇಳಿಕೊಳ್ಳಿ. ಉತ್ತರ ಇದ್ದರೆ ಫರ್ಲಾರ್ನ್ ಬರೆಯಿರಿ. ಉತ್ತರ ಇಲ್ಲದೆ ಬರೀ ಸೋಲಿನ ಲೆಕ್ಕವಿದ್ದರೆ ಹೋಪ್‌ಲೆಸ್ ಬರೆಯಿರಿ. ಕೈಮೀರಿ ಏನೋ ಮಾಡುತ್ತಿದ್ದರೆ ಡೆಸ್ಪರೇಟ್, ಕೈಚೆಲ್ಲಿ ಕೂತಿದ್ದರೆ ಡೆಸ್ಪಾಂಡೆಂಟ್.

ಇವುಗಳಲ್ಲಿ ಕನ್ನಡದ ಮಾತಿನೊಳಗೆ ಪೂರಾ ಬೆರೆತುಹೋದದ್ದು ಹೋಪ್‌ಲೆಸ್ ಒಂದೇ. ರಸ್ತೆ ಹೋಪ್‌ಲೆಸ್, ಹೋಟೆಲಿನ ಸಾಂಬಾರು ಹೋಪ್‌ಲೆಸ್, ಬಸ್ಸಿನ ವ್ಯವಸ್ಥೆ ಹೋಪ್‌ಲೆಸ್. ಇಷ್ಟರಲ್ಲಿ ನಷ್ಟವಿಲ್ಲ, ರಸ್ತೆ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಅದೇ ಪದ ‘ಹೋಪ್‌ಲೆಸ್ ಫೆಲೋ’ ಆಗಿ ಮನೆಗಳಲ್ಲೂ ತರಗತಿಗಳಲ್ಲೂ ಮಕ್ಕಳ ಮೇಲೆ ಬೀಳುತ್ತದೆ. ಇಂಗ್ಲಿಷಿನಲ್ಲೂ ಗಣಿತದಲ್ಲಿ ಹೋಪ್‌ಲೆಸ್ ಎನ್ನುವ ಬಳಕೆಯಿದೆ, ಅಲ್ಲಿ ಅದು ಒಂದು ವಿಷಯಕ್ಕೆ ಸೀಮಿತ. ನಾವು ವಿಷಯ ಬಿಟ್ಟು ಇಡೀ ಮಗುವಿಗೇ ಹಚ್ಚುತ್ತೇವೆ. ಹತ್ತು ವರ್ಷದ ಹುಡುಗನ ಮೇಲೆ ಇದು ಅಂತಿಮ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲದ ತೀರ್ಪು.

ಆದ್ದರಿಂದ ತಂದೆತಾಯಂದಿರಲ್ಲಿ, ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೆ. ಉತ್ತರಪತ್ರಿಕೆ ಕೆಟ್ಟದಾಗಿದ್ದರೆ ಉತ್ತರಪತ್ರಿಕೆ ಕೆಟ್ಟದಾಗಿದೆ ಎನ್ನಿ. ಲೆಕ್ಕ ತಪ್ಪಿದ್ದರೆ ಲೆಕ್ಕ ತಪ್ಪಿದೆ ಎನ್ನಿ. ಹಿಂದಿನ ಬೆಂಚಿನಲ್ಲಿ ಮುಖ ಬಾಡಿಸಿಕೊಂಡು ಒಬ್ಬನೇ ಕೂತ ಹುಡುಗನನ್ನು ಕಂಡರೆ ಹೋಪ್‌ಲೆಸ್ ಎಂದು ತೀರ್ಮಾನಿಸುವ ಮೊದಲು, ಇವನನ್ನು ಯಾರು ಬಿಟ್ಟರು, ನಾವೇ ಬಿಟ್ಟೆವೇ ಎಂದು ವಿಚಾರಿಸಿ.